ಹ-ಒತ್ತು

ಲಿಗೋರಿ ಹೋದ ಸುದ್ದಿ ಬಂದದ್ದೂ ಇದರಲ್ಲೇ.
ಬೆಳಿಗ್ಗೆ ಆರೂವರೆಗೆ,
ಯಾರೋ ಕಳಿಸಿದ ಗುಡ್ ಮಾರ್ನಿಂಗ್ ಗುಲಾಬಿಯ ಕೆಳಗೆ,
ಬೂತಾಯಿ ಕಿಲೋಗೆ ಎಷ್ಟೆಂಬ ವಿಚಾರಣೆಯ ಮೇಲೆ.
ಕನ್ನಡಕ ಹುಡುಕಿ ಬರುವಷ್ಟರಲ್ಲಿ ಪರದೆ ಕಪ್ಪಾಯಿತು.
ಮುಟ್ಟಿದೆ. ಏಳಲಿಲ್ಲ.
ನನ್ನ ಬೆರಳು ಒಣಗಿದೆಯಂತೆ, ಎಪ್ಪತ್ತನಾಲ್ಕಕ್ಕೆ.
ಬನಿಯನ್ನಿಗೆ ಒರೆಸಿದೆ, ನಾಲಿಗೆಗೆ ತಾಗಿಸಿದೆ,
ನೋಟು ಎಣಿಸುವವನ ಹಾಗೆ.

ಮೂವತ್ತೊಂದು ವರ್ಷ ಬಂದರಿನ ಓಣಿಯ ಪ್ರೆಸ್ಸಿನಲ್ಲಿ
ಇದೇ ಬೆರಳು ಕತ್ತಲಲ್ಲೂ ಅಕ್ಷರ ಹೆಕ್ಕುತ್ತಿತ್ತು.
ಕರೆಂಟು ಹೋದರೆ ಲಿಗೋರಿ ದೀಪ ಹಚ್ಚಲು ಬಿಡುತ್ತಿರಲಿಲ್ಲ.
"ಕ ಎಲ್ಲಿ ಉಂಟು ಅಂತ ಕೈಗೆ ಗೊತ್ತುಂಟು ಮಾರಾಯ,
ಕಣ್ಣು ಎಂತಕ್ಕೆ?"
ಸೀಸದ ಮೊಳೆ, ತಲೆಕೆಳಗು, ಎಡಬಲ ತಿರುಗಿದ್ದು.
ಮದುವೆ ಕಾಗದ, ಉತ್ತರಕ್ರಿಯೆ ಕಾಗದ,
ಮೀನಿನ ಮಂಡಿಯ ರಶೀದಿ ಪುಸ್ತಕ:
ಲೋಕವನ್ನು ನಾವಿಬ್ಬರೂ ಓದಿದ್ದು ಹಿಂದುಮುಂದಾಗಿಯೇ.

ಅವನ ಹೆಸರಿನ ಕೊನೆಗೆ ಸಲ್ದಾನ್ಹಾ.
ನ-ಕ್ಕೆ ಹ ಒತ್ತು.
ಇಡೀ ಕೇಸಿನಲ್ಲಿ ಆ ಒತ್ತು ಇದ್ದದ್ದು ಎರಡೇ,
ಒಂದರ ಬಾಲ ಮುರಿದಿತ್ತು.
"ಇದು ನನ್ನ ಪಿತ್ರಾರ್ಜಿತ" ಎಂದು ಕಿಸೆಗೆ ಹಾಕಿ
ಶನಿವಾರ ಮನೆಗೊಯ್ಯುತ್ತಿದ್ದ. ಸೋಮವಾರ ತರುತ್ತಿದ್ದ.

ಈಗ ಅವನಿಗೆ ನಾಲ್ಕು ಮಾತು ಬರೆಯಬೇಕು.
ಮೂರೇ ಇಂಗ್ಲಿಷ್ ಅಕ್ಷರ ಕುಟ್ಟಿ
ಆರ್‌ಐಪಿ ಎಂದು ಮುಗಿಸಿದ್ದಾರೆ ಹಲವರು.
ಅಷ್ಟು ಕಮ್ಮಿ ಮೊಳೆಯಲ್ಲಿ
ನಾವು ಯಾರನ್ನೂ ಕಳಿಸಿಕೊಟ್ಟದ್ದಿಲ್ಲ.

ಮೇಲಿನ ಮನೆಯ ನಿಹಾಲ್ ಕಲಿಸಿದ್ದಾನೆ:
"ಅಜ್ಜ, ಒತ್ತಬೇಡಿ. ಮುಟ್ಟಿ ಬಿಡಿ."
ಒತ್ತದೆ ಒತ್ತಕ್ಷರ ಎಲ್ಲಿಂದ ಬರಬೇಕು?
ಲಿ. ಗೋ. ರಿ. ಅಲ್ಲಿವರೆಗೆ ಬಂತು.
ಸ ಬಂತು, ಲ ಬಂತು,
ಆ ಸಣ್ಣ ಕೊಕ್ಕೆ ಎಲ್ಲಿ ಅಡಗಿದೆಯೆಂದು ಹುಡುಕುವಾಗ
ನಡುವೆ ಅದೇ ಬಾಯಿ ಹಾಕಿತು:
ಲಿಗೋರಿ ಸಲಾಡ್.
ಅಳಿಸಿದೆ.
ಸಲಾಡ್.

ಸೀಸಕ್ಕೆ ಇಂಥ ಅಧಿಕಪ್ರಸಂಗ ಇರಲಿಲ್ಲ.
ತಪ್ಪಾದರೆ ಅದು ನನ್ನ ತಪ್ಪು,
ಚಿಮಟದಲ್ಲಿ ಕಿತ್ತು ಸರಿಯಾದದ್ದು ಕೂರಿಸಿದರಾಯಿತು,
ಪ್ರೂಫ್ ತೆಗೆದು, ಚಾ ಕುಡಿದು, ಇನ್ನೊಮ್ಮೆ ಓದಿ.
ಇದಕ್ಕೆ ಪ್ರೂಫೇ ಇಲ್ಲ,
ಕೈ ನಡುಗಿದ್ದೂ ಊರಿಗೆಲ್ಲ ಹಂಚಿಕೆ.
ಹಾಗೆ ನಡುಗಿಯೇ ಹೋಯಿತು
ಲಿಗೋರಿಯ ಫೋಟೋಗೆ ಒಂದು ಹೆಬ್ಬೆರಳು, ಶಹಬ್ಬಾಸ್ ಎಂದು.
ಅದನ್ನು ಮುಚ್ಚಲು ಹೋಗಿ ಒಂದು ಹಳದಿ ಮುಖ.
ಅಳುವುದೆಂದೇ ಅಂದುಕೊಂಡೆ ನಾನು,
ಕಣ್ಣೀರು ಇತ್ತಲ್ಲ.
ಬೈಂಡರ್ ಐತಪ್ಪ ಒಂದು ಪ್ರಶ್ನಾರ್ಥಕ ಚಿಹ್ನೆ ಕಳಿಸಿದ.
ಅವನಿಗೂ ಅದೊಂದೇ ಸಿಕ್ಕಿರಬೇಕು.

ಸಾಕಾಗಿ ಮೇಜಿನ ಮೇಲೆ ಕುಕ್ಕಿದೆ.
ಯಾವ ಗುಂಡಿಗೆ ಏನು ತಾಗಿತೋ ನೋಡಲಿಲ್ಲ.

ಸಂಜೆ ಸ್ಟೇಟ್‌ಬ್ಯಾಂಕಿನಿಂದ ಕುಲಶೇಖರದ ಬಸ್ಸು ಹಿಡಿದೆ.
ಅಂಗಳದಲ್ಲಿ ಬಾಡಿಗೆಯ ಕೆಂಪು ಕುರ್ಚಿಗಳು, ಮೇ ತಿಂಗಳ ಬೆವರು.
ಆ ಹಳದಿ ಮುಖಕ್ಕೆ ಕ್ಷಮೆ ಕೇಳೋಣವೆಂದು
ಒಳಗೆ ಹೋದರೆ ಬೆನೆದಿಕ್ತಾ ಬಾಯಿಯೇ ಮೊದಲು ಹೇಳಿದರು:
"ಹದಿನಾಲ್ಕು ನಿಮಿಷ ಕಳಿಸಿದ್ದೀರಿ. ಪೂರ್ತಿ ಕೇಳಿದೆ.
ಒಂದು ಮಾತಿಲ್ಲ.
ಎರಡು ಸಲ ಕೆಮ್ಮು, ಒಂದು ಸಲ 'ಥೂ ಸಲಾಡು',
ಮತ್ತೆ ಕುಕ್ಕರ್ ಕೂಗಿದ್ದು, ಕೂಗಿದ್ದು.
ಗಂಜಿ ಅಡಿ ಹಿಡಿಯಿತಾ?"
ಹಿಡಿಯಿತು, ಅಂದೆ.
ಅವರು ತಲೆಯಾಡಿಸಿದರು,
ಬಹಳ ಮುಖ್ಯವಾದದ್ದು ತಿಳಿದವರ ಹಾಗೆ.

ಹೊರಡುವಾಗ ಗೇಟಿನ ಫ್ಲೆಕ್ಸು ಕಂಡಿತು.
ದೊಡ್ಡ ಬಣ್ಣದ ಅಕ್ಷರ: ಲಿಗೋರಿ ಸಲ್ದಾನಾ.
ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಯಾರೂ ಇಲ್ಲ.
ಬಾಲ್‌ಪೆನ್ನು ತೆಗೆದು
ನ-ದ ಕೆಳಗೆ ಒಂದು ಹ.
ಪ್ಲಾಸ್ಟಿಕ್ಕು, ಶಾಯಿ ಹಿಡಿಯಲಿಲ್ಲ.
ಕಿಸೆಯೊಳಗೆ ಫೋನು ನಡುಗುತ್ತಿತ್ತು, ನಡುಗಲಿ.
ಇನ್ನೊಮ್ಮೆ ಬರೆದೆ,
ಒತ್ತಿ.